ಕಂಪ್ಯೂಟರು ಪದೇ ಪದೇ ನಿಂತುಹೋಗುವುದೇಕೆ?

ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಊಟದ ಡಬ್ಬಿಯ ಚೀಲಗಳ ನಡುವೆ, ಒಮ್ಮೊಮ್ಮೆ ಹಳೆಯ ಹೊದಿಕೆಯಲ್ಲಿ ಸುತ್ತಿದ ಒಂದು ಪೆಟ್ಟಿಗೆಯೂ ಕಾಣುತ್ತದೆ. ಅದು ಕೆಟ್ಟುಹೋದ ಕಂಪ್ಯೂಟರು. ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳವರಿಗೆ ದಿನವೂ ಬೆಂಗಳೂರಿಗೆ ಹೋಗಿ ದುಡಿದು ಬರುವುದೇ ಜೀವನವಾಯಿತು. ಮನೆಯ ಕಂಪ್ಯೂಟರು ಕೆಟ್ಟರೆ ಅದನ್ನೂ ಹೊತ್ತುಕೊಂಡು ಎಸ್.ಪಿ. ರಸ್ತೆಗೆ ಹೋಗುತ್ತಾರೆ. ಕಂಪ್ಯೂಟರಿನ ಬಿಡಿಭಾಗ ಸಿಗದ ಗಲ್ಲಿ ಅಲ್ಲಿಲ್ಲ.

ನಾನು ಹೇಳಹೊರಟ ಕಂಪ್ಯೂಟರು ಹೀಗೆ ಎರಡು ಸಲ ರೈಲು ಹತ್ತಿ ಇಳಿದಿತ್ತು. ಬಿ.ಸಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳ ಓದಿಗೆಂದು ಅವಳ ತಂದೆ ಕಂತಿನ ಮೇಲೆ ಕೊಂಡ, ಒಬ್ಬರು ಬಳಸಿ ಬಿಟ್ಟ ಯಂತ್ರ ಅದು. ಪ್ರಾಜೆಕ್ಟ್ ಒಪ್ಪಿಸಲು ಆರು ವಾರ ಉಳಿದಿರುವಾಗ ಅದು ದಿನಕ್ಕೆ ಒಂದೆರಡು ಸಲ ನಿಲ್ಲತೊಡಗಿತು. ತಂದೆ ಎರಡು ದಿನದ ಕೂಲಿ ಕಳೆದುಕೊಂಡು ಅದನ್ನು ಅಂಗಡಿಗೆ ಒಯ್ದರು. ಎರಡು ಸಲವೂ ಅದು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ನಿಲ್ಲದೆ ಓಡಿತು. ಮೊದಲ ಸಲ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು. ಎರಡನೆಯ ಸಲ ಏನೂ ತೊಂದರೆಯಿಲ್ಲವೆಂದು ಹಾಗೇ ಹಿಂತಿರುಗಿಸಿದರು. ಮನೆಗೆ ಬಂದ ಮರುದಿನ ಮಧ್ಯಾಹ್ನ ಅದು ಮತ್ತೆ ನಿಂತಿತು.

ಆ ಹುಡುಗಿ ನನ್ನಲ್ಲಿಗೆ ಬಂದಾಗ ಅವಳಿಗೆ ಯಂತ್ರಕ್ಕಿಂತ ಹೆಚ್ಚಾಗಿ ಮನೆಯವರ ಮಾತು ನೋವು ಕೊಟ್ಟಿತ್ತು. "ಸಾರ್, ಅಪ್ಪ ರಾತ್ರಿ ಬಂದು ಹಾಕಿ ನೋಡಿದರೆ ಚೆನ್ನಾಗೇ ಇರುತ್ತೆ. ಅಂಗಡೀಲೂ ಚೆನ್ನಾಗೇ ಇತ್ತು. ನಾನು ಪ್ರಾಜೆಕ್ಟ್ ತೆಗೆದರೆ ಮಾತ್ರ ಹ್ಯಾಂಗ್ ಆಗುತ್ತೆ. ನಾನೇ ಏನೋ ಹಾಳು ಮಾಡ್ತಿದ್ದೀನಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ" ಎಂದಳು.

ವಿದ್ಯಾರ್ಥಿಗಳೇ, ಈ ಮಾತನ್ನು ಇನ್ನೊಮ್ಮೆ ಓದಿ. ದೂರಿನಂತೆ ಕಾಣುವ ಆ ನಾಲ್ಕು ವಾಕ್ಯಗಳಲ್ಲಿ ಕಾಯಿಲೆಯ ಮೂರು ಸುಳಿವುಗಳಿವೆ: ಅಂಗಡಿಯಲ್ಲಿ ನಿಲ್ಲುವುದಿಲ್ಲ, ರಾತ್ರಿ ನಿಲ್ಲುವುದಿಲ್ಲ, ಭಾರಿ ಕೆಲಸ ಕೊಟ್ಟಾಗ ನಿಲ್ಲುತ್ತದೆ. ಇಷ್ಟು ಗೊತ್ತಾದ ಮೇಲೂ ವಿಂಡೋಸನ್ನು ಮತ್ತೆ ಮತ್ತೆ ಹಾಕುವುದು, ಯಾವ ಹೊತ್ತಿಗೆ ಜ್ವರ ಬರುತ್ತದೆಂದು ಕೇಳದೆ ಮಾತ್ರೆ ಬರೆದುಕೊಟ್ಟ ಹಾಗೆ.

ನಾನು ಅವಳಿಗೆ ಮೊದಲು ಹೇಳಿದ್ದು ರಿಪೇರಿಯ ಮಾತಲ್ಲ. ಪ್ರಾಜೆಕ್ಟಿನ ಕಡತಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ನಕಲು ಮಾಡು, ಇನ್ನೊಂದು ಪ್ರತಿಯನ್ನು ನಿನ್ನ ವಿಳಾಸಕ್ಕೇ ಇಮೇಲ್ ಮಾಡಿಟ್ಟುಕೋ ಎಂದೆ. ಪದೇ ಪದೇ ನಿಲ್ಲುವ ಕಂಪ್ಯೂಟರಿನ ಡಿಸ್ಕು ಬರೆಯುವ ನಡುವೆಯೇ ನಿಂತು ಕಡತವನ್ನು ಕೆಡಿಸಬಹುದು. ಯಂತ್ರ ಹೋದರೆ ಮತ್ತೊಂದು ತರಬಹುದು, ನಾಲ್ಕು ತಿಂಗಳ ಕೆಲಸವನ್ನು ತರಲಾಗದು. ಎರಡನೆಯದಾಗಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಯಂತ್ರ ನಿಂತಾಗಲೆಲ್ಲ ದಿನಾಂಕ, ಗಂಟೆ, ಯಾವ ಕೆಲಸ ನಡೆದಿತ್ತು, ಹೇಗೆ ನಿಂತಿತು, ಆಗ ಮನೆಯಲ್ಲಿ ಬೇರೆ ಏನಾಗುತ್ತಿತ್ತು, ಇಷ್ಟನ್ನು ಬರೆಯಬೇಕು.

"ಹೇಗೆ ನಿಂತಿತು" ಎಂಬುದು ಬಹಳ ಮುಖ್ಯ. ನಾವು ಎಲ್ಲಕ್ಕೂ ಹ್ಯಾಂಗ್ ಎನ್ನುತ್ತೇವೆ. ಆದರೆ ನಿಲ್ಲುವುದರಲ್ಲಿ ಬಗೆಗಳಿವೆ. ಪರದೆಯ ಮೇಲಿನ ಚಿತ್ರ ಹಾಗೇ ಉಳಿದು, ಮೌಸ್ ಕೂಡ ಅಲುಗಾಡದಿದ್ದರೆ ಅದು ಒಂದು ಬಗೆ. ಆಗ ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಕಾರ್ಯನಿರ್ವಹಣಾ ವ್ಯವಸ್ಥೆ ಇನ್ನೂ ಜೀವಂತವಾಗಿದೆ, ಯಾವುದೋ ಒಂದು ತಂತ್ರಾಂಶ ಮಾತ್ರ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ದೀಪವೂ ಸ್ಪಂದಿಸದಿದ್ದರೆ ಇಡೀ ಯಂತ್ರವೇ ಸ್ತಬ್ಧವಾಗಿದೆ. ನೀಲಿ ಪರದೆ ಬಂದು ಅದರ ಮೇಲೆ ಏನೋ ಸಂಕೇತ ಮೂಡಿದರೆ ಅದು ಎರಡನೆಯ ಬಗೆ. ತನ್ನ ಒಳಗೆ ಸರಿಪಡಿಸಲಾಗದ ತಪ್ಪೊಂದು ಕಂಡಿತೆಂದು ವ್ಯವಸ್ಥೆಯೇ ಹೇಳಿ ನಿಲ್ಲುತ್ತಿದೆ. ಆ ಸಂಕೇತವನ್ನು ಬರೆದುಕೊಳ್ಳಬೇಕು, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಏನೂ ಹೇಳದೆ, ದೀಪ ಆರಿದ ಹಾಗೆ ಪಟ್ಟನೆ ಆರಿಹೋದರೆ ಅದು ಮೂರನೆಯದು. ಅಲ್ಲಿ ಅನುಮಾನ ಬೀಳುವುದು ಹೆಚ್ಚಾಗಿ ವಿದ್ಯುತ್ತಿನ ಮೇಲೆ ಅಥವಾ ಶಾಖದ ಮೇಲೆ.

ಒಂಬತ್ತು ದಿನ ಕಳೆದು ಅವಳು ನೋಟ್‌ಬುಕ್ ತಂದಳು. ಯಂತ್ರ 12 ಸಲ ನಿಂತಿತ್ತು. ಅದರಲ್ಲಿ ಎಂಟು ಸಲ ಮಧ್ಯಾಹ್ನ ಎರಡರಿಂದ ಸಂಜೆ ಆರರ ಒಳಗೆ, ಚಿತ್ರ ಹಾಗೇ ಉಳಿದು ನಿಂತದ್ದು. ನಿಲ್ಲುವ ಮುಂಚೆ ಫ್ಯಾನಿನ ಸದ್ದು ಜೋರಾಗಿತ್ತು ಎಂದು ಅವಳೇ ಐದು ಕಡೆ ಬರೆದಿದ್ದಳು. ಉಳಿದ ನಾಲ್ಕು ಸಲ ಪಟ್ಟನೆ ಆರಿದ್ದು. ಒಮ್ಮೆ ಬೆಳಗ್ಗೆ ಆರು ಗಂಟೆಗೆ, ಒಮ್ಮೆ ಒಂಬತ್ತೂವರೆಗೆ, ಎರಡು ಸಲ ಸಂಜೆ ಏಳರ ಸುಮಾರಿಗೆ. ಈ ನಾಲ್ಕರಲ್ಲಿ ಮೂರರ ಮುಂದೆ ಕೊನೆಯ ಕಾಲಂನಲ್ಲಿ ಒಂದೇ ವಾಕ್ಯವಿತ್ತು: "ಅಮ್ಮ ಮೋಟಾರು ಹಾಕಿದರು." ಸಂಪಿನಿಂದ ಮೇಲಿನ ತೊಟ್ಟಿಗೆ ನೀರೆತ್ತುವ ಮೋಟಾರು ಅದು.

ಅಂದರೆ ಒಂದು ಕಾಯಿಲೆಯಲ್ಲ, ಎರಡು. ಕಂಪ್ಯೂಟರು ಹುಚ್ಚಾಪಟ್ಟೆ ನಿಲ್ಲುತ್ತದೆ, ಲೆಕ್ಕಕ್ಕೇ ಸಿಗುವುದಿಲ್ಲ ಎಂದು ಜನ ಹೇಳುವಾಗ ನನ್ನ ಅನುಭವದಲ್ಲಿ ಹೆಚ್ಚಿನ ಸಲ ಹೀಗೆಯೇ ಆಗಿರುತ್ತದೆ. ಎರಡು ಬೇರೆ ಬೇರೆ ದೋಷಗಳು ಬೆರೆತು ಒಂದರ ಲೆಕ್ಕವನ್ನು ಇನ್ನೊಂದು ಕಲಸಿಬಿಟ್ಟಿರುತ್ತದೆ. ಒಂದನ್ನು ಸರಿಪಡಿಸಿದರೂ ಇನ್ನೊಂದು ಉಳಿದು, ಮಾಡಿದ ಕೆಲಸ ವ್ಯರ್ಥವೆಂದು ತೋರುತ್ತದೆ.

ಮಧ್ಯಾಹ್ನದ ಕಾಯಿಲೆಯನ್ನು ಮೊದಲು ಹಿಡಿದೆವು. ಸೆಕೆ ಕಾರಣವಿರಬಹುದು ಎಂಬುದು ಊಹೆ. ಊಹೆಯನ್ನು ಪರೀಕ್ಷಿಸಬೇಕು. ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟು, ಅದೇ ಹೊತ್ತಿನಲ್ಲಿ ಅದೇ ಪ್ರಾಜೆಕ್ಟನ್ನು ಎರಡು ದಿನ ಓಡಿಸಲು ಹೇಳಿದೆ. ಒಮ್ಮೆಯೂ ನಿಲ್ಲಲಿಲ್ಲ. ಇಷ್ಟಕ್ಕೇ ಸಂತೋಷಪಟ್ಟು ಬಿಡುವವರೇ ಹೆಚ್ಚು. ಆದರೆ ಮೂರನೆಯ ದಿನ ತಗಡನ್ನು ಮತ್ತೆ ಮುಚ್ಚಿಸಿ, ಫ್ಯಾನ್ ತೆಗೆಸಿದೆ. ಮೂರು ಗಂಟೆಗೆ ಯಂತ್ರ ನಿಂತಿತು. ತೆಗೆದಾಗ ಹೋಗಿ, ಮುಚ್ಚಿದಾಗ ಮರಳಿ ಬಂದರೆ ಮಾತ್ರ ಕಾರಣ ಸಿಕ್ಕಿತೆಂದು ನಂಬಬಹುದು. ಅಂಗಡಿಯಲ್ಲಿ ಏಕೆ ನಿಲ್ಲಲಿಲ್ಲ ಎಂಬುದೂ ಈಗ ಬಗೆಹರಿಯಿತು. ಅಲ್ಲಿ ಪೆಟ್ಟಿಗೆ ಬಾಯಿತೆರೆದು ಮೇಜಿನ ಮೇಲೆ ಮಲಗಿತ್ತು!

ಕಂಪ್ಯೂಟರಿನ ಲೆಕ್ಕ ಮಾಡುವ ಭಾಗ ಪ್ರೊಸೆಸರು. ಸಾಮಾನ್ಯ ಮೇಜಿನ ಕಂಪ್ಯೂಟರಿನಲ್ಲಿ ಅದು ಭಾರಿ ಕೆಲಸ ಮಾಡುವಾಗ ಹಳೆಯ 60 ವ್ಯಾಟ್ ಬಲ್ಬಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಶಾಖವನ್ನು ಹೊರಹಾಕುತ್ತದೆ, ಅದೂ ಒಂದು ಅಂಚೆಚೀಟಿಯಷ್ಟು ಜಾಗದಿಂದ. ಆ ಶಾಖವನ್ನು ಸಾಗಿಸಲು ಅದರ ಮೇಲೆ ಲೋಹದ ಹಲ್ಲುಗಳ ಒಂದು ಕಟ್ಟು, ಅದಕ್ಕೆ ಗಾಳಿ ಹಾಕಲು ಫ್ಯಾನ್ ಇರುತ್ತವೆ. ಈಗಿನ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತಾವಾಗಿಯೇ ವೇಗ ತಗ್ಗಿಸುತ್ತವೆ, ಇನ್ನೂ ಏರಿದರೆ ಯಂತ್ರವನ್ನೇ ಆರಿಸುತ್ತವೆ. ಆದರೆ ಸುತ್ತಲಿನ ಇತರ ಚಿಪ್‌ಗಳಿಗೆ ಅಷ್ಟು ಎಚ್ಚರವಿಲ್ಲ. ಬಿಸಿ ಮೀರಿದರೆ ಅವು ತಪ್ಪು ಮಾಡುತ್ತವೆ, ಯಂತ್ರ ಸ್ತಬ್ಧವಾಗುತ್ತದೆ.

ಕೆ.ಜಿ.ಎಫ್.ನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟಿತ್ತು. ಮೇಲಿನಿಂದ ತಂಪುಗಾಳಿಯನ್ನು ಇಳಿಸದಿದ್ದರೆ ಅಲ್ಲಿ ಮನುಷ್ಯ ಕೆಲಸ ಮಾಡುವಂತಿರಲಿಲ್ಲ. ಗಾಳಿಯ ದಾರಿ ಮುಚ್ಚಿದರೆ ಕೆಲಸ ನಿಂತಂತೆಯೇ.

ಈ ಹುಡುಗಿಯ ಕಂಪ್ಯೂಟರಿನಲ್ಲೂ ಗಾಳಿಯ ದಾರಿ ಮುಚ್ಚಿತ್ತು. ಲೋಹದ ಹಲ್ಲುಗಳ ನಡುವೆ ಬೂದುಬಣ್ಣದ ದೂಳು ಕಂಬಳಿಯ ಹಾಗೆ ಕೂತಿತ್ತು. ಅವರ ಮನೆಯ ಕಿಟಕಿ ತೆರೆಯುವುದು ಸೈನೈಡ್ ದಿಬ್ಬದ ಕಡೆಗೆ. ಚಿನ್ನದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಬೇರ್ಪಡಿಸಿ, ಉಳಿದದ್ದನ್ನು ಸುರಿದು ಸುರಿದು ಆದ ದಿಬ್ಬಗಳು ಅವು. 3 ಕೋಟಿ ಟನ್ನಿಗೂ ಹೆಚ್ಚು ಪುಡಿ ಹೀಗೆ ಊರಿನ ನಡುವೆ ಬಿದ್ದಿದೆ. ಗಾಳಿಯ ದಿನಗಳಲ್ಲಿ ಅದು ಅನ್ನದ ತಟ್ಟೆಯವರೆಗೂ ಬರುತ್ತದೆ, ಇನ್ನು ಗಾಳಿಯನ್ನೇ ಒಳಗೆಳೆಯುವ ಕಂಪ್ಯೂಟರನ್ನು ಬಿಟ್ಟೀತೇ?

ದೂಳು ತೆಗೆಯುವುದು ಕಷ್ಟದ ಕೆಲಸವಲ್ಲ, ಆದರೆ ಕ್ರಮವಿದೆ. ಯಂತ್ರವನ್ನು ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತು, ಆಮೇಲೆ ಒಮ್ಮೆ ಆನ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಇದರಿಂದ ಬಹುಮಟ್ಟಿಗೆ ಇಳಿಯುತ್ತದೆ. ಪೆಟ್ಟಿಗೆಯನ್ನು ಮನೆಯ ಹೊರಗೆ ಒಯ್ಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕಲ್ಲಿನ ಸಣ್ಣ ದೂಳು ಗಣಿ ಕಾರ್ಮಿಕರ ಶ್ವಾಸಕೋಶಗಳಿಗೆ ಏನು ಮಾಡಿತೆಂಬುದನ್ನು ಈ ಊರಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡ ಮೇಲೆ, ಮೃದುವಾದ ಒಣ ಬ್ರಷ್ಷಿನಿಂದ ದೂಳು ಸಡಿಲಿಸಿ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಅದು ಗಿರಗಿರ ತಿರುಗಲು ಬಿಡಬಾರದು. ವಿದ್ಯುತ್ ಸರಬರಾಜಿನ ಡಬ್ಬಿಯನ್ನು, ಅಂದರೆ ಎಸ್.ಎಂ.ಪಿ.ಎಸ್. ಅನ್ನು, ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿಯಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಪ್ರೊಸೆಸರಿಗೂ ಲೋಹದ ಕಟ್ಟಿಗೂ ನಡುವೆ ಹಚ್ಚಿದ ಅಂಟಿನಂಥ ಲೇಪ ವರ್ಷಗಳು ಕಳೆದಂತೆ ಒಣಗಿ ಸುಣ್ಣವಾಗುತ್ತದೆ. ಇವಳ ಯಂತ್ರದಲ್ಲೂ ಹಾಗಾಗಿತ್ತು. ಅದನ್ನು ತಿಳಿದವರಿಂದ ಹೊಸದಾಗಿ ಹಚ್ಚಿಸಿದೆವು. ಖರ್ಚಾದದ್ದು ಬಹಳ ಕಡಿಮೆ. ಮಧ್ಯಾಹ್ನ ನಿಲ್ಲುವುದು ಅಲ್ಲಿಗೆ ತಪ್ಪಿತು.

ಪಟ್ಟನೆ ಆರುವುದು ತಪ್ಪಲಿಲ್ಲ. ನೋಟ್‌ಬುಕ್ ಇಲ್ಲದಿದ್ದರೆ ಇಲ್ಲಿ ನಾವೂ ಕೈಚೆಲ್ಲುತ್ತಿದ್ದೆವು.

ಮೋಟಾರು ಶುರುವಾಗುವ ಕ್ಷಣದಲ್ಲಿ ಅದು ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ತಂತಿ ಹಳೆಯದಾಗಿದ್ದರೆ, ಕೂಡಿಕೆಗಳು ಸಡಿಲವಾಗಿದ್ದರೆ, ಮನೆಗೆ ಬರುವ 230 ವೋಲ್ಟ್ ಆ ಕ್ಷಣಕ್ಕೆ ಕುಸಿಯುತ್ತದೆ. ದೀಪ ಒಮ್ಮೆ ಮಂಕಾಗುವುದನ್ನು ನೀವೂ ನೋಡಿರುತ್ತೀರಿ. ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ವಿದ್ಯುತ್ ಪೂರ್ತಿ ಹೋದರೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತಡೆದುಕೊಳ್ಳಬಲ್ಲದು. ಅದಕ್ಕೆಂದೇ ಯು.ಪಿ.ಎಸ್. ಇಡುವುದು. ಇವರ ಮನೆಯಲ್ಲಿ ಯು.ಪಿ.ಎಸ್. ಇತ್ತು. ಹಾಗಾದರೆ?

ಕಂಪ್ಯೂಟರನ್ನು ಬಿಡಿಸಿ, ಮನೆಯಲ್ಲಿ ಉಳಿದಿದ್ದ ಒಂದು ಹಳೆಯ 100 ವ್ಯಾಟ್ ಬಲ್ಬನ್ನು ಆ ಯು.ಪಿ.ಎಸ್.ಗೆ ಹಚ್ಚಿ, ಗೋಡೆಯ ಸ್ವಿಚ್ ಆರಿಸಿದೆವು. ಬಲ್ಬೂ ಆ ಕ್ಷಣವೇ ಆರಿತು. ಒಳಗಿನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಸತ್ತ ಬ್ಯಾಟರಿಯ ಯು.ಪಿ.ಎಸ್. ಇಲ್ಲದ್ದಕ್ಕಿಂತ ಕೇಡು. ವೋಲ್ಟೇಜು ಸ್ವಲ್ಪ ಕುಸಿದರೂ ಅದು ಭಾರವನ್ನು ಬ್ಯಾಟರಿಗೆ ವರ್ಗಾಯಿಸುತ್ತದೆ, ಬ್ಯಾಟರಿಯಲ್ಲಿ ಏನೂ ಇಲ್ಲದ್ದರಿಂದ ಕಂಪ್ಯೂಟರು ಆರುತ್ತದೆ. ನೇರವಾಗಿ ಗೋಡೆಗೆ ಸಿಕ್ಕಿಸಿದ್ದರೆ ಬಹುಶಃ ಉಳಿಯುತ್ತಿತ್ತು. ಈ ಬ್ಯಾಟರಿಗಳ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ, ಸೆಕೆಯ ಕೋಣೆಯಲ್ಲಿ ಇನ್ನೂ ಕಡಿಮೆ. ಪೆಟ್ಟಿಗೆ ಮುಟ್ಟಿದರೆ ಕೈ ಜುಂ ಎನ್ನುತ್ತದೆ ಎಂದೂ ಆ ತಾಯಿ ಹೇಳಿದರು. ಅದು ಅರ್ಥಿಂಗ್ ಇಲ್ಲದ ಲಕ್ಷಣ. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಮೂರು ಕಣ್ಣಿನ ಸಾಕೆಟ್ಟಿನ ದೊಡ್ಡ ಕಣ್ಣಿಗೆ ತಂತಿಯೇ ಇರಲಿಲ್ಲ. ಇದು ಕಂಪ್ಯೂಟರಿಗಿಂತ ಹೆಚ್ಚಾಗಿ ಮನುಷ್ಯರಿಗೆ ಅಪಾಯ. ಕಾವೇರಿಯ ಶಿವನಸಮುದ್ರದಿಂದ 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲು, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತರಿಸಿಕೊಂಡ ಊರು ಇದು. ಆ ವಿದ್ಯುತ್ತು ಬಂದದ್ದು ಗಣಿಯ ಯಂತ್ರಗಳಿಗಾಗಿ ಎಂಬುದನ್ನೂ ಮರೆಯಬಾರದು.

ಎಲ್ಲರ ಮನೆಯ ಕಾಯಿಲೆಯೂ ಇವೇ ಆಗಿರುವುದಿಲ್ಲ. ನಿಮ್ಮ ನೋಟ್‌ಬುಕ್ ಬೇರೆ ಕಡೆ ಬೆರಳು ತೋರಿಸಬಹುದು. ಹೊತ್ತುಗೊತ್ತಿಲ್ಲದೆ, ಬೇರೆ ಬೇರೆ ಸಂಕೇತಗಳ ನೀಲಿ ಪರದೆ ಬರುತ್ತಿದ್ದರೆ ರ‍್ಯಾಮ್ ಅನ್ನು, ಅಂದರೆ ಸ್ಮೃತಿಯ ಪಟ್ಟಿಗಳನ್ನು, ಅನುಮಾನಿಸಿ. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದಿಟ್ಟು ಎರಡು ದಿನ ಓಡಿಸಿ, ಆಮೇಲೆ ಅದಲುಬದಲು ಮಾಡಿ. ವಿಂಡೋಸಿನಲ್ಲಿಯೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ. ಪಟ್ಟಿ ಸರಿಯಾಗಿ ಕೂರದಿರುವುದೂ ಉಂಟು. ರೈಲಿನ ಕುಲುಕಾಟದಲ್ಲಿ ಸಡಿಲಗೊಂಡು ಕೆಟ್ಟದ್ದನ್ನೂ, ಕುಲುಕಿದ್ದರಿಂದಲೇ ಸರಿಯಾಗಿ ಕೂತು ದಾರಿಯಲ್ಲೇ ವಾಸಿಯಾದದ್ದನ್ನೂ ಕಂಡಿದ್ದೇನೆ! ಕಡತ ತೆರೆಯುವಾಗಲೇ ನಿಧಾನವಾಗಿ, ಮೌಸ್ ಮಾತ್ರ ಅಲುಗಾಡುತ್ತಾ ಉಳಿದೆಲ್ಲ ಸಿಕ್ಕಿಕೊಂಡರೆ ಅದು ಡಿಸ್ಕಿನ ಕೂಗು. ಹಳೆಯ ತಿರುಗುವ ಡಿಸ್ಕು ಟಿಕ್ ಟಿಕ್ ಎಂದರೆ ಪರೀಕ್ಷೆಗೂ ಮುಂಚೆ ನಕಲು ಮಾಡಿಕೊಳ್ಳಿ.

ಒಂದೇ ಕೆಲಸ ಮಾಡುವಾಗ ಮಾತ್ರ, ಅಥವಾ ಹೊಸದೇನನ್ನೋ ಹಾಕಿಕೊಂಡ ದಿನದಿಂದ ನಿಲ್ಲುತ್ತಿದ್ದರೆ ತಂತ್ರಾಂಶದ ಕಡೆ ತಿರುಗಿ. ಸೇಫ್ ಮೋಡಿನಲ್ಲಿ ಕಂಪ್ಯೂಟರು ಅತ್ಯಗತ್ಯವಾದವುಗಳನ್ನು ಮಾತ್ರ ಇಟ್ಟುಕೊಂಡು ಏಳುತ್ತದೆ; ಅಲ್ಲಿ ನಿಲ್ಲದೆ, ಮಾಮೂಲಿನಂತೆ ಎದ್ದಾಗ ನಿಂತರೆ ತಪ್ಪು ಆಮೇಲೆ ಸೇರಿದವುಗಳಲ್ಲಿದೆ. ರಿಲಯಬಿಲಿಟಿ ಮಾನಿಟರ್ ಎಂಬುದು ವಿಂಡೋಸೇ ಇಟ್ಟುಕೊಂಡ ನೋಟ್‌ಬುಕ್. ಯಾವ ದಿನ ಏನು ಸೇರಿತು, ಯಾವ ದಿನ ಏನು ಬಿತ್ತು ಎಂಬುದನ್ನು ಅಕ್ಕಪಕ್ಕದಲ್ಲಿ ತೋರಿಸುತ್ತದೆ. ವ್ಯವಸ್ಥೆಯ ಒಳಮನೆಗೆ ಪ್ರವೇಶವಿರುವ ತಂತ್ರಾಂಶದ ಒಂದು ತಪ್ಪು ಎಷ್ಟು ದೂರ ಹೋಗಬಲ್ಲದೆಂಬುದನ್ನು ಜಗತ್ತು 2024ರ ಜುಲೈ 19ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಕಡತವೊಂದು ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಅಲ್ಲಿ ದೂಳೂ ಇರಲಿಲ್ಲ, ಮೋಟಾರೂ ಇರಲಿಲ್ಲ.

ಆ ಹುಡುಗಿಯ ಪ್ರಾಜೆಕ್ಟ್ ಸಕಾಲಕ್ಕೆ ಮುಗಿಯಿತು. ಎರಡು ತಿಂಗಳು ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಒಂದು ತಂಪಾದ ರಾತ್ರಿ, ಏನೂ ಭಾರಿ ಕೆಲಸವಿಲ್ಲದಾಗ, ಒಂದು ನೀಲಿ ಪರದೆ. ರ‍್ಯಾಮ್ ಪರೀಕ್ಷೆಯಲ್ಲಿ ಪಾಸಾಯಿತು, ಡಿಸ್ಕೂ ಪಾಸಾಯಿತು. ಅದು ಮತ್ತೆ ಬರಲಿಲ್ಲ.

ಇಂಥ ಒಂಟಿ ಘಟನೆಗಳಿಗೆ ಸಾಧ್ಯವಿರುವ ಕಾರಣವೊಂದು ಆಕಾಶದಲ್ಲಿದೆ. ಸ್ಮೃತಿಯ ಪ್ರತಿಯೊಂದು ಕೋಶವೂ ಅತ್ಯಲ್ಪ ವಿದ್ಯುದಾವೇಶವನ್ನು ಹಿಡಿದು 0 ಅಥವಾ 1ನ್ನು ನೆನಪಿಡುತ್ತದೆ. ಒಂದು ವೇಗದ ಕಣ ಸಿಲಿಕಾನಿಗೆ ಬಡಿದರೆ ಆ ಆವೇಶ ಅಳಿಸಿ 0 ಇದ್ದದ್ದು 1 ಆಗಬಹುದು, 1 ಇದ್ದದ್ದು 0 ಆಗಬಹುದು. ಚಿಪ್ಪಿನ ಹೊದಿಕೆಯಲ್ಲಿದ್ದ ಯುರೇನಿಯಂ, ಥೋರಿಯಂಗಳ ಲೇಶದಿಂದ ಹೊರಟ ಆಲ್ಫಾ ಕಣಗಳು ಹೀಗೆ ಮಾಡುತ್ತವೆಂದು 1978ರಲ್ಲಿ ಇಂಟೆಲ್ ಕಂಪನಿಯ ಮೇ ಮತ್ತು ವುಡ್ಸ್ ತೋರಿಸಿದರು. ವಿಶ್ವಕಿರಣಗಳೂ ಇದನ್ನು ಮಾಡಬಲ್ಲವೆಂದು 1979ರಲ್ಲಿ ಝೀಗ್ಲರ್ ಮತ್ತು ಲ್ಯಾನ್‌ಫೋರ್ಡ್ ಲೆಕ್ಕ ಹಾಕಿದರು. 2003ರಲ್ಲಿ ಬೆಲ್ಜಿಯಂನ ಒಂದು ಮತಗಟ್ಟೆಯ ಕಂಪ್ಯೂಟರಿನಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಕಂಡವು. ಅದು ಎರಡರ ಹನ್ನೆರಡನೆಯ ಘಾತ. ಒಂದೇ ಒಂದು ಬಿಟ್ ಹೊರಳಿದರೆ ಬರುವ ಸಂಖ್ಯೆ! ವಿಶ್ವಕಿರಣದ ಮೇಲೆ ಶಂಕೆ ಬಿತ್ತು, ರುಜುವಾತಾಗಲಿಲ್ಲ.

ಆ ಹುಡುಗಿಗೆ ನಾನು ಹೇಳಿದ ಮಾತು ಇದು: ಈ ಕಣಗಳ ಮಳೆಯಿಂದ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ನಿಮ್ಮ ಊರಿಗೆ ಬಂದಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದ 1992ರವರೆಗೆ ಕೋಲಾರದ ಗಣಿಗಳಲ್ಲಿ ಪ್ರಯೋಗ ನಡೆಸಿದರು. ಬೇರೆ ಬೇರೆ ಆಳದಲ್ಲಿ ಉಪಕರಣವಿಟ್ಟು, ಕಣಗಳ ಸಂಖ್ಯೆ ಇಳಿಯುತ್ತಾ ಹೋಗುವುದನ್ನು ಎಣಿಸಿದರು. 2.7 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಆ ಮೌನ ಎಷ್ಟೆಂಬುದು ಮೊದಲೇ ಗೊತ್ತಿದ್ದುದರಿಂದ, 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಓರೆಯಾಗಿ ಬಂದ ಕೆಲವೇ ಜಾಡುಗಳು ಸಿಕ್ಕಾಗ, ಇವು ಮೇಲಿನಿಂದ ಇಳಿದವಲ್ಲ, ನ್ಯೂಟ್ರಿನೊಗಳು ಬಂಡೆಯಲ್ಲಿ ಹುಟ್ಟಿಸಿದ ಕಣಗಳು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ವಾತಾವರಣದ ನ್ಯೂಟ್ರಿನೊಗಳ ಮೊದಲ ಪತ್ತೆಗಳಲ್ಲಿ ಅದು ಒಂದು. ತಗಡು ತೆಗೆದು ಮುಚ್ಚಿ ನೋಡಿದ ನಮ್ಮ ಮಧ್ಯಾಹ್ನದ ಪರೀಕ್ಷೆ ಇದೇ ಜಾತಿಯದು, ಬಹಳ ಚಿಕ್ಕದು ಅಷ್ಟೆ.

ಹಾಗೆಂದು ನಿಮ್ಮ ಕಂಪ್ಯೂಟರು ವಾರಕ್ಕೆ ಮೂರು ಸಲ ನಿಂತರೆ ವಿಶ್ವಕಿರಣಗಳನ್ನು ದೂರಬೇಡಿ. ಅವು ಮಧ್ಯಾಹ್ನ ಮೂರು ಗಂಟೆಯನ್ನು ಆರಿಸಿಕೊಳ್ಳುವುದಿಲ್ಲ, ಮೋಟಾರಿಗಾಗಿ ಕಾಯುವುದೂ ಇಲ್ಲ. ಒಂದೊಂದು ಬಿಟ್ ಹೊರಳಿದರೂ ತಾನೇ ತಿದ್ದಿಕೊಳ್ಳುವ ಸ್ಮೃತಿ ಬ್ಯಾಂಕುಗಳ, ಆಸ್ಪತ್ರೆಗಳ ದೊಡ್ಡ ಸರ್ವರುಗಳಲ್ಲಿ ಇರುತ್ತದೆ. ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅವಳ ನೋಟ್‌ಬುಕ್ಕಿನ ಕೊನೆಯ ಸಾಲು ಹೀಗಿದೆ: "ರಾತ್ರಿ 11.20. ನೀಲಿ ಪರದೆ. ಸೆಕೆ ಇಲ್ಲ. ಮೋಟಾರು ಇಲ್ಲ. ಕಾರಣ:" ಅಲ್ಲಿ ಏನು ಬರೆಯಲಿ ಸಾರ್ ಎಂದು ಕೇಳಿದಳು. ಸದ್ಯಕ್ಕೆ ಖಾಲಿ ಬಿಡಮ್ಮಾ, ಇನ್ನೊಮ್ಮೆ ಬಂದರೆ ಗಂಟೆ ನೋಡಿ ಬರೆದುಕೋ ಎಂದೆ.